ಬಿಪಿ ಮಾತ್ರೆಯೂ ಬೇಕು, ದೂರದ ಓಟವೂ ಬೇಕು: ವಯಸ್ಸಾದ ಕ್ರೀಡಾಪಟುಗಳಿಗೆ ಮಾರ್ಗದರ್ಶಿ

ಬಿಪಿ ಮಾತ್ರೆ ಶುರುವಾಗಿ ಮೂರು ವಾರ ಆಗಿರುತ್ತದೆ. ದಿನವೂ ಓಡುವ ಅದೇ ರಸ್ತೆ, ಅದೇ ಏರು. ಆದರೆ ಕಾಲು ಭಾರ. ಎಷ್ಟೇ ಒದ್ದಾಡಿದರೂ ವಾಚ್‌ನಲ್ಲಿ ಹೃದಯ ಬಡಿತ 120 ದಾಟುವುದಿಲ್ಲ. ಓಟ ಮುಗಿಸಿ, ಬಗ್ಗಿ ಶೂ ಲೇಸ್ ಬಿಚ್ಚಿ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಸುತ್ತಲಿನವರು 'ವಯಸ್ಸಾಯ್ತು ಬಿಡಿ' ಅನ್ನುತ್ತಾರೆ. ಮೂರೇ ವಾರದಲ್ಲಿ ಯಾರಿಗೂ ಅಷ್ಟು ವಯಸ್ಸಾಗುವುದಿಲ್ಲ, ಅಲ್ವಾ?

ಇಂಥ ಹೊತ್ತಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಡಾಕ್ಟರಿಗೆ ಹೇಳದೆ ಮಾತ್ರೆ ಬಿಡುತ್ತಾರೆ, ಇಲ್ಲವೇ ಓಡುವುದನ್ನೇ ಬಿಡುತ್ತಾರೆ. ಎರಡೂ ನಷ್ಟದ ಬಾಬತ್ತೇ. ಬಿಪಿ ಮಾತ್ರೆಗಳಲ್ಲಿ ಐದಾರು ಬಗೆ ಇವೆ. ಓಡುವ, ಸೈಕಲ್ ತುಳಿಯುವ, ಈಜುವ ದೇಹದ ಮೇಲೆ ಅವು ಒಂದೇ ಥರ ಕೆಲಸ ಮಾಡುವುದಿಲ್ಲ. ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಯಾವ ತೊಂದರೆ ಯಾವ ಮಾತ್ರೆಯದು ಎಂದು ಗುರುತಿಸಿ, ಅದನ್ನು ಅಂಕಿಗಳ ಸಮೇತ ಡಾಕ್ಟರ ಮುಂದಿಡುವುದು ಹೇಗೆ ಎಂಬುದಷ್ಟೇ ಈ ಲೇಖನ. ಮಾತ್ರೆ ಬದಲಿಸುವುದು, ಡೋಸ್ ಇಳಿಸುವುದು ಅವರ ಕೆಲಸ. ಓದಿ ಮುಗಿಸಿದ ಕೂಡಲೇ ನೀವೇ ಕೈ ಹಾಕಬೇಡಿ.

ಹೆಜ್ಜೆ 1: ನಿಮ್ಮ ಮಾತ್ರೆ ಯಾವ ಬಗೆಯದು?

ಸ್ಟ್ರಿಪ್ ಕೈಗೆತ್ತಿಕೊಳ್ಳಿ. ದೊಡ್ಡದಾಗಿ ಅಚ್ಚಾದ ಕಂಪನಿ ಹೆಸರು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಬಹುಪಾಲು ಹೆಸರುಗಳ ಬಾಲ ನೋಡಿದರೆ ಬಗೆ ಗೊತ್ತಾಗುತ್ತದೆ.

'ಲಾಲ್' ಎಂದು ಮುಗಿದರೆ ಬೀಟಾ ಬ್ಲಾಕರ್: ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್. 'ಪ್ರಿಲ್' ಎಂದು ಮುಗಿದರೆ ಎಸಿಇ ಇನ್ಹಿಬಿಟರ್: ರಾಮಿಪ್ರಿಲ್, ಎನಾಲಪ್ರಿಲ್, ಪೆರಿಂಡೊಪ್ರಿಲ್. 'ಸಾರ್ಟಾನ್' ಎಂದಿದ್ದರೆ ಎಆರ್‌ಬಿ: ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಓಲ್ಮೆಸಾರ್ಟಾನ್. 'ಡಿಪಿನ್' ಇದ್ದರೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್: ಅಮ್ಲೊಡಿಪಿನ್, ಸಿಲ್ನಿಡಿಪಿನ್. ಡಿಲ್ಟಿಯಾಜೆಮ್, ವೆರಾಪಮಿಲ್ ಕೂಡ ಇದೇ ಗುಂಪಿನವು, ಆದರೆ ಅವು ಹೃದಯ ಬಡಿತವನ್ನೂ ನಿಧಾನ ಮಾಡುತ್ತವೆ. ಮೂತ್ರ ಹೆಚ್ಚಿಸುವ ಡೈಯುರೆಟಿಕ್‌ಗಳಿಗೆ ಮಾತ್ರ ಒಂದೇ ಬಾಲ ಇಲ್ಲ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್, ಫ್ಯೂರೋಸೆಮೈಡ್, ಸ್ಪಿರೊನೊಲ್ಯಾಕ್ಟೋನ್, ಇವೆಲ್ಲ ಅದೇ ಕೆಲಸದವು.

ಇಲ್ಲಿ ಹೆಚ್ಚಿನವರು ಎಡವುವುದು ಜೋಡಿ ಮಾತ್ರೆಗಳಲ್ಲಿ. 'ನನಗೆ ಒಂದೇ ಮಾತ್ರೆ' ಎನ್ನುತ್ತಾರೆ. ಓದಿ ನೋಡಿದರೆ ಅದರಲ್ಲಿ ಎರಡು, ಕೆಲವೊಮ್ಮೆ ಮೂರು ಔಷಧ ಇರುತ್ತವೆ. ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ತುಂಬಾ ಸಾಮಾನ್ಯ. ಎಲ್ಲವನ್ನೂ ಮಿಲಿಗ್ರಾಂ ಸಮೇತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಬಿಪಿಗೆ ಸಂಬಂಧವಿಲ್ಲ ಎಂದುಕೊಂಡ ಮಾತ್ರೆಗಳನ್ನೂ ಅದೇ ಚೀಟಿಗೆ ಸೇರಿಸಿ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಥರದ ಮಾತ್ರೆಗಳು ರಕ್ತನಾಳ ಸಡಿಲಿಸಿ ಬಿಪಿ ಇನ್ನಷ್ಟು ಇಳಿಸಬಲ್ಲವು. ಲೈಂಗಿಕ ದೌರ್ಬಲ್ಯಕ್ಕೆ ತೆಗೆದುಕೊಳ್ಳುವ ಸಿಲ್ಡೆನಾಫಿಲ್, ಟಡಾಲಾಫಿಲ್ ಕೂಡ ಹಾಗೆಯೇ. ಇದನ್ನು ಹೇಳಿಕೊಳ್ಳಲು ಗಂಡಸರು ನಾಚುತ್ತಾರೆ. ನಾಚಿಕೆ ಬಿಟ್ಟು ಬರೆಯಿರಿ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಇವು ಪ್ರಾಣಾಪಾಯ ತರಬಲ್ಲವು.

ಹೆಜ್ಜೆ 2: ಸರಿಯಾಗಿ ಅಳೆಯಿರಿ, ನಿಂತೂ ಅಳೆಯಿರಿ

'ಸುಸ್ತು', 'ಹೇಗೋ ಆಗ್ತಿದೆ' ಎಂದರೆ ಡಾಕ್ಟರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಒಂದು ವಾರ ಮನೆಯಲ್ಲೇ ಬಿಪಿ ನೋಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ. ಪ್ರತಿ ಸಲವೂ ಒಂದು ನಿಮಿಷ ಬಿಟ್ಟು ಎರಡು ರೀಡಿಂಗ್. ಅದಕ್ಕೂ ಮುಂಚೆ ಐದು ನಿಮಿಷ ಸುಮ್ನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಮಾತಾಡಬೇಡಿ. ಕಾಫಿ ಕುಡಿದು ಅರ್ಧ ಗಂಟೆಯೊಳಗೆ ನೋಡಬೇಡಿ. ತೋಳಿನ ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಈಜು, ರೋಯಿಂಗ್ ಮಾಡಿ ತೋಳು ದಪ್ಪಗಾದವರು ದೊಡ್ಡ ಪಟ್ಟಿ ಬಳಸಬೇಕು. ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85ರ ಕೆಳಗಿದ್ದರೆ ಸಾಮಾನ್ಯವಾಗಿ ಹತೋಟಿಯಲ್ಲಿದೆ ಎನ್ನುತ್ತಾರೆ. ನಿಮ್ಮ ಗುರಿ ಇನ್ನೂ ಕಡಿಮೆ ಇರಬಹುದು, ಕೇಳಿಕೊಳ್ಳಿ.

ದೂರದ ಓಟಗಾರರಿಗೆ ಇನ್ನೊಂದು ವಿಷಯ. ಚೆನ್ನಾಗಿ ಓಡಿದ ಮೇಲೆ ಬಿಪಿ ತಾನಾಗಿಯೇ ಇಳಿಯುತ್ತದೆ. ಈ ಇಳಿತ ಹಲವು ಗಂಟೆ ಉಳಿಯಬಹುದು, ಕೆಲವರಲ್ಲಿ ಮಾರನೆಯ ದಿನದವರೆಗೂ. ಓಟ ಮುಗಿಸಿ ಬಂದು ಅಳೆದು 'ನನ್ನ ಬಿಪಿ ವಾಸಿಯಾಯ್ತು' ಎನ್ನುವವರಿದ್ದಾರೆ. ಅದು ದಿನದ ಅತಿ ಕಡಿಮೆ ಹೊತ್ತಿನ ಅಂಕಿ. ಬರೆದಿಟ್ಟುಕೊಳ್ಳಿ, ಆದರೆ ಸರಾಸರಿಗೆ ಸೇರಿಸಬೇಡಿ.

ಇನ್ನು ನಿಂತು ನೋಡುವ ಬಿಪಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಐದು ನಿಮಿಷ ಮಲಗಿ ಅಥವಾ ಕೂತು ಒಂದು ರೀಡಿಂಗ್ ತೆಗೆಯಿರಿ. ಎದ್ದು ನಿಂತು ಒಂದನೇ ನಿಮಿಷಕ್ಕೆ ಒಂದು, ಮೂರನೇ ನಿಮಿಷಕ್ಕೆ ಒಂದು. ಮೇಲಿನ ಅಂಕಿ 20 ಪಾಯಿಂಟ್ ಅಥವಾ ಕೆಳಗಿನದು 10 ಪಾಯಿಂಟ್ ಇಳಿದರೆ ನಿಂತಾಗ ಬಿಪಿ ಬೀಳುತ್ತಿದೆ ಎಂದೇ ಅರ್ಥ. ವಯಸ್ಸಾದಂತೆ ನಿಂತ ಕೂಡಲೇ ರಕ್ತನಾಳ ಬಿಗಿಗೊಳಿಸಿ ಬಿಪಿ ಕಾಯುವ ವ್ಯವಸ್ಥೆ ನಿಧಾನವಾಗುತ್ತದೆ. ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಕಿಡ್ನಿಯ ಮೀಸಲು ಶಕ್ತಿಯೂ ಕಡಿಮೆಯಾಗಿರುತ್ತದೆ. ಇದರ ಮೇಲೆ ಮಾತ್ರೆ, ಬೆವರು, ಬಿಸಿಲು ಮೂರೂ ಸೇರಿದರೆ ಮೂವತ್ತರ ಓಟಗಾರ ತಡೆದುಕೊಳ್ಳುವ ಏರುಪೇರು ಎಪ್ಪತ್ತರವರನ್ನು ನೆಲಕ್ಕೆ ಕೆಡವಬಹುದು.

ಹೆಜ್ಜೆ 3: ಯಾವ ತೊಂದರೆ ಯಾವ ಮಾತ್ರೆಯದು?

ಬೀಟಾ ಬ್ಲಾಕರ್‌ನಿಂದಲೇ ಶುರು ಮಾಡೋಣ. ದೂರ ಓಡುವವರಿಗೆ ಅತಿ ಹೆಚ್ಚು ತೊಡಕು ಕೊಡುವ ಬಗೆ ಇದು.

ಅಡ್ರಿನಲಿನ್ ಹೃದಯಕ್ಕೆ 'ಬೇಗ ಬಡಿ' ಎಂದು ಹೇಳುವ ಮಾತನ್ನು ಇದು ಅರ್ಧ ಕೇಳದ ಹಾಗೆ ಮಾಡುತ್ತದೆ. ಗರಿಷ್ಠ ಬಡಿತ ನಿಮಿಷಕ್ಕೆ 20ರಿಂದ 30ರಷ್ಟು ಇಳಿಯುವುದು ಮಾಮೂಲು. ಡೋಸ್ ಜಾಸ್ತಿ ಇದ್ದರೆ ಇನ್ನೂ ಇಳಿಯುತ್ತದೆ. ಪ್ರತಿ ಬಡಿತಕ್ಕೆ ಸ್ವಲ್ಪ ಹೆಚ್ಚು ರಕ್ತ ತಳ್ಳಿ ಹೃದಯ ಸರಿದೂಗಿಸಲು ನೋಡುತ್ತದೆ. ಆದರೂ ಪೂರ್ತಿ ಆಗುವುದಿಲ್ಲ. ಹಾಗಾಗಿ ಏರಿನಲ್ಲಿ, ಕೊನೆಯ ಕಿಲೋಮೀಟರ್‌ನಲ್ಲಿ 'ಗೇರ್ ಬೀಳುತ್ತಿಲ್ಲ' ಎನಿಸುತ್ತದೆ. ಪ್ರೊಪ್ರನೊಲಾಲ್‌ನಂಥ ಹಳೆಯ ಬೀಟಾ ಬ್ಲಾಕರ್‌ಗಳು ಹೃದಯದ ಮೇಲಷ್ಟೇ ಅಲ್ಲ, ಕೊಬ್ಬು ಕರಗಿಸಿ ಇಂಧನ ಒದಗಿಸುವ ಕೆಲಸಕ್ಕೂ ಅಡ್ಡ ಬರುತ್ತವೆ. ಒಂದೂವರೆ ಗಂಟೆ ದಾಟಿದ ಓಟದಲ್ಲಿ ಬೇಗ ಬಸವಳಿಯಲು ಇದೂ ಒಂದು ಕಾರಣ. ಕೈಬೆರಳು ತಣ್ಣಗಾಗುವುದು, ಆಸ್ತಮಾ ಇದ್ದವರಿಗೆ ಉಸಿರು ಕಟ್ಟುವುದು ಕೂಡ ಇದರ ಕಡೆಯಿಂದ ಬರಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಸಕ್ಕರೆ ಇಳಿದಾಗ ಎದೆ ಡವಡವ ಎನ್ನುವ, ಕೈ ನಡುಗುವ ಎಚ್ಚರಿಕೆಯನ್ನು ಈ ಮಾತ್ರೆ ಮರೆಮಾಡುತ್ತದೆ. ಬೆವರು ಮಾತ್ರ ಬರುತ್ತದೆ. ಓಡುವಾಗ ಬೆವರು ಬಂದರೆ ಯಾರಿಗೆ ಅನುಮಾನ ಬರುತ್ತದೆ?

ಇನ್ನೊಂದು ಮಾತು. ವರ್ಷಾನುಗಟ್ಟಲೆ ಓಡಿದವರಲ್ಲಿ ಸುಮ್ಮನೆ ಕೂತಾಗಿನ ಬಡಿತವೇ 50ರ ಆಸುಪಾಸು ಇರುತ್ತದೆ. ಅದರ ಮೇಲೆ ಬೀಟಾ ಬ್ಲಾಕರ್ ಅಥವಾ ಡಿಲ್ಟಿಯಾಜೆಮ್ ಸೇರಿದರೆ 40ರ ಕೆಳಗೆ ಹೋಗಬಹುದು. ಹಿಂದಿನಿಂದಲೂ ನಿಮ್ಮ ಬಡಿತ ಎಷ್ಟಿರುತ್ತಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಬೇರೆ ಹೃದಯದ ತೊಂದರೆ ಇಲ್ಲದೆ ಬರೀ ಬಿಪಿ ಮಾತ್ರ ಇರುವವರಿಗೆ ಈಗಿನ ಹೆಚ್ಚಿನ ಮಾರ್ಗಸೂಚಿಗಳಲ್ಲಿ ಬೀಟಾ ಬ್ಲಾಕರ್ ಮೊದಲ ಆಯ್ಕೆಯಲ್ಲ. ಹಾಗಾಗಿ 'ಇದನ್ನೇ ಯಾಕೆ ಕೊಟ್ಟಿರಿ?' ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಆದರೆ ಹೃದಯಾಘಾತ ಆಗಿದ್ದರೆ, ಹೃದಯ ದುರ್ಬಲವಾಗಿದ್ದರೆ, ಏಟ್ರಿಯಲ್ ಫಿಬ್ರಿಲೇಶನ್ (ಹೃದಯ ಬಡಿತದ ಲಯ ತಪ್ಪುವ ತೊಂದರೆ) ಇದ್ದರೆ ಕಥೆ ಬೇರೆ. ಆಗ ಅದು ಬಿಪಿಗಷ್ಟೇ ಕೊಟ್ಟದ್ದಲ್ಲ. ಬಹಳ ವರ್ಷ ದೂರದ ಓಟ, ಸೈಕಲ್, ಸ್ಕೀಯಿಂಗ್ ಮಾಡಿದ ಗಂಡಸರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಉಳಿದವರಿಗಿಂತ ಜಾಸ್ತಿ ಕಾಣಿಸುತ್ತದೆ. ಹಾಗಾಗಿ ಇದು ನಮ್ಮ ಗುಂಪಿಗೆ ದೂರದ ಮಾತಲ್ಲ. ಮಾತ್ರೆ ಬೇಕೇ ಬೇಕು ಎಂದಾದರೆ ಡೋಸ್ ಇಳಿಸಬಹುದೇ, ನೆಬಿವೊಲಾಲ್‌ನಂಥ ರಕ್ತನಾಳವನ್ನೂ ಸಡಿಲಿಸುವ ಬಗೆಗೆ ಬದಲಾಯಿಸಬಹುದೇ ಎಂದು ಕೇಳಿ.

ಬೀಟಾ ಬ್ಲಾಕರ್ ಅನ್ನು ಥಟ್ಟನೆ ನಿಲ್ಲಿಸಲೇಬೇಡಿ. ರೇಸ್‌ಗೆ ಎರಡು ದಿನ ಮುಂಚೆ ಬಿಟ್ಟು 'ಹಗುರ' ಮಾಡಿಕೊಳ್ಳುವವರಿದ್ದಾರೆ. ತಡೆ ತೆಗೆದ ಹೃದಯದ ಮೇಲೆ ಅಡ್ರಿನಲಿನ್ ಆಗ ಮೊದಲಿಗಿಂತ ಜೋರಾಗಿ ಎರಗುತ್ತದೆ. ಬಿಪಿ ಚಿಮ್ಮಬಹುದು, ಎದೆನೋವು, ಹೃದಯಾಘಾತ ಕೂಡ ಆಗಬಹುದು. ಬಿಡುವುದಾದರೆ ಡಾಕ್ಟರು ಹೇಳಿದಂತೆ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಕ್ಲೊನಿಡಿನ್ ಎಂಬ ಇನ್ನೊಂದು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು.

ಡೈಯುರೆಟಿಕ್‌ಗಳು ಎರಡನೆಯ ತಲೆನೋವು. ಇವು ಕಿಡ್ನಿಯ ಮೂಲಕ ಉಪ್ಪು, ನೀರು ಹೊರಗೆ ಕಳಿಸುತ್ತವೆ. ಅದೇ ಉಪ್ಪು, ಅದೇ ನೀರನ್ನು ಬೆವರಿನಲ್ಲಿ ನೀವೂ ಹೊರಗೆ ಕಳಿಸುತ್ತಿದ್ದೀರಿ. ಮೊದಲ ಕೆಲವು ವಾರ ರಕ್ತದ ನೀರಿನಂಶವೇ ಕಡಿಮೆಯಾಗಿ ಓಟ ಭಾರ ಎನಿಸುತ್ತದೆ. ಥಯಾಜೈಡ್ ಬಗೆಯ ಮಾತ್ರೆಗಳಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಯಬಹುದು. ಮೀನಖಂಡ ಹಿಡಿದುಕೊಳ್ಳುವುದು, ಸ್ನಾಯು ಸೋಲುವುದು, ಬಡಿತ ತಪ್ಪುವುದು ಇದರ ಲಕ್ಷಣ. ಯೂರಿಕ್ ಆಮ್ಲ ಏರಿ ಹೆಬ್ಬೆರಳ ಬುಡ ಕೆಂಪಾಗಿ ಊದಿದರೆ ಅದನ್ನು ಶೂ ಉಜ್ಜಿದ ನೋವು ಎಂದುಕೊಂಡು ತಿಂಗಳು ಕಳೆಯಬೇಡಿ. ಗೌಟ್ ಇರಬಹುದು. ಹೈಡ್ರೋಕ್ಲೋರೋಥಯಾಜೈಡ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರ್‌ನ ಅಪಾಯವೂ ಸ್ವಲ್ಪ ಹೆಚ್ಚು. ಗಂಟೆಗಟ್ಟಲೆ ಬಿಸಿಲಲ್ಲಿ ಇರುವವರು ತುಂಬು ತೋಳಿನ ಬಟ್ಟೆ, ಟೋಪಿ, ಸನ್‌ಸ್ಕ್ರೀನ್ ಬಿಡಬಾರದು. ಗುಣವಾಗದ ಹುಣ್ಣು, ಹೊಸ ಗಂಟು ಕಂಡರೆ ತೋರಿಸಬೇಕು.

ಇದರಲ್ಲಿ ನನಗೆ ಅತಿ ಹೆಚ್ಚು ಆತಂಕ ಕೊಡುವುದು ಸೋಡಿಯಂ. ಥಯಾಜೈಡ್ ತೆಗೆದುಕೊಳ್ಳುವ ವಯಸ್ಸಾದವರಲ್ಲಿ, ಅದರಲ್ಲೂ ತೂಕ ಕಡಿಮೆ ಇರುವ ಹೆಂಗಸರಲ್ಲಿ, ಸೋಡಿಯಂ ಸುಲಭವಾಗಿ ಇಳಿಯುತ್ತದೆ. ಅಂಥವರು 'ನೀರು ಜಾಸ್ತಿ ಕುಡೀರಿ' ಎಂಬ ಎಲ್ಲರ ಉಪದೇಶ ಕೇಳಿ ದಾರಿಯುದ್ದಕ್ಕೂ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತಡವರಿಸುವುದು, ಗೊಂದಲ, ಆಮೇಲೆ ಫಿಟ್ಸ್. ನೀರು ಸಾಲದೆ ಹೀಗಾಯಿತು ಎಂದು ಇನ್ನಷ್ಟು ನೀರು ಕುಡಿಸಿದರೆ ಪ್ರಾಣಕ್ಕೇ ಕುತ್ತು.

ಇದನ್ನು ತಿಳಿಯಲು ತಕ್ಕಡಿ ಸಾಕು. ದೂರದ ಓಟಕ್ಕೆ ಮುಂಚೆ ಮತ್ತು ನಂತರ, ಬೆವರು ಒರೆಸಿಕೊಂಡು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಯಿತು. ಸ್ವಲ್ಪ ಇಳಿಯುವುದು ಸರಿ. ದೇಹದ ತೂಕದ ನೂರಕ್ಕೆ ಎರಡರಷ್ಟಕ್ಕಿಂತ ಜಾಸ್ತಿ ಇಳಿದರೆ ಮುಂದಿನ ಸಲ ಕುಡಿಯುವುದನ್ನು ಹೆಚ್ಚಿಸಿ. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ಬೇರೆ ಬೇರೆ ಹವೆಯಲ್ಲಿ ನಾಲ್ಕೈದು ಸಲ ಹೀಗೆ ನೋಡಿದರೆ ನಿಮ್ಮ ಲೆಕ್ಕ ನಿಮಗೇ ಸಿಗುತ್ತದೆ.

'ಪ್ರಿಲ್' ಮಾತ್ರೆಗಳ ಕಾಟ ಒಣ ಕೆಮ್ಮು. ಸುಮಾರು ಹತ್ತರಲ್ಲಿ ಒಬ್ಬರಿಗೆ ಬರುತ್ತದೆ. ಮಾತ್ರೆ ಶುರುವಾದ ಕೂಡಲೇ ಬರಬೇಕೆಂದಿಲ್ಲ, ತಿಂಗಳುಗಳ ನಂತರವೂ ಬರಬಹುದು. ಹಾಗಾಗಿಯೇ ಜನ ಅದನ್ನು ಅಲರ್ಜಿ, ಧೂಳು, ತಣ್ಣನೆ ಗಾಳಿ ಎಂದೆಲ್ಲ ಅಂದುಕೊಂಡು ಸಿರಪ್ ಕುಡಿಯುತ್ತಾರೆ. ಕೆಮ್ಮಿನ ಔಷಧಕ್ಕೆ ಅದು ಬಗ್ಗುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಡಾಕ್ಟರು ಇಂಥವರನ್ನು ಹೆಚ್ಚಾಗಿ 'ಸಾರ್ಟಾನ್' ಬಗೆಗೆ ಬದಲಿಸುತ್ತಾರೆ. ಅಪರೂಪಕ್ಕೆ ತುಟಿ, ನಾಲಿಗೆ, ಮುಖ ಊದಿಕೊಳ್ಳುತ್ತದೆ. ಹಾಗಾದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ಆ ಬಗೆಯ ಮಾತ್ರೆ ಮತ್ತೆ ಮುಟ್ಟಬಾರದು.

'ಸಾರ್ಟಾನ್' ಮಾತ್ರೆಗಳು ನಮ್ಮಂಥವರಿಗೆ ಚೆನ್ನಾಗಿ ಒಗ್ಗುತ್ತವೆ. ಹೃದಯ ಬಡಿತಕ್ಕೆ, ಓಟದ ಶಕ್ತಿಗೆ ಹೇಳಿಕೊಳ್ಳುವಂಥ ಅಡ್ಡಿ ಮಾಡುವುದಿಲ್ಲ. ಗಮನಿಸಬೇಕಾದ್ದು ಎರಡು. 'ಪ್ರಿಲ್', 'ಸಾರ್ಟಾನ್' ಎರಡೂ ಪೊಟ್ಯಾಸಿಯಂ ಏರಿಸಬಲ್ಲವು. ಪೊಟ್ಯಾಸಿಯಂ ತುಂಬಿದ 'ಲೋ ಸೋಡಿಯಂ' ಉಪ್ಪು, ಪೊಟ್ಯಾಸಿಯಂ ಜಾಸ್ತಿ ಇರುವ ಎಲೆಕ್ಟ್ರೋಲೈಟ್ ಪುಡಿಗಳನ್ನು ಕೇಳದೆ ಬಳಸಬೇಡಿ. ಎರಡನೆಯದು, ಮೈಯಲ್ಲಿ ನೀರು ಬತ್ತಿದಾಗ ಕಿಡ್ನಿಯ ಮೇಲೆ ಇವುಗಳಿಂದ ಹೊರೆ ಬೀಳುತ್ತದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಅಮ್ಲೊಡಿಪಿನ್ ಓಟದ ವೇಗಕ್ಕೆ ಅಷ್ಟಾಗಿ ಕೈ ಹಾಕುವುದಿಲ್ಲ, ಕಾಲಿಗೆ ಕೈ ಹಾಕುತ್ತದೆ. ಸಂಜೆಗೆ ಎರಡೂ ಪಾದದ ಗಂಟು ಊದಿ ಶೂ ಬಿಗಿಯಾಗುತ್ತದೆ. 5 ಮಿಲಿಗ್ರಾಂಗಿಂತ 10 ಮಿಲಿಗ್ರಾಂನಲ್ಲಿ ಇದು ಜಾಸ್ತಿ. ಇದು ಮೈಯಲ್ಲಿ ನೀರು ತುಂಬಿದ್ದರಿಂದ ಆದ ಊತ ಅಲ್ಲ, ಸಣ್ಣ ರಕ್ತನಾಳಗಳಿಂದ ನೀರು ಹೊರಗೆ ಜಿನುಗಿದ್ದು. ಅದಕ್ಕೇ ಡೈಯುರೆಟಿಕ್ ಕೊಟ್ಟರೆ ಅಷ್ಟಾಗಿ ಇಳಿಯುವುದಿಲ್ಲ. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ, ಅದರ ತೊಂದರೆಗೆ ಮೂರನೆಯದು, ಹೀಗೆ ಸರಪಳಿ ಬೆಳೆಯುವುದು ಇಲ್ಲಿಂದಲೇ. ಡೋಸ್ ಇಳಿಸುವುದು ಅಥವಾ ಜೊತೆಗೊಂದು 'ಸಾರ್ಟಾನ್' ಸೇರಿಸುವುದರಿಂದ ಊತ ಕಡಿಮೆಯಾಗುವುದುಂಟು. ಒಂದೇ ಕಾಲು ಊದಿ, ನೋವಿದ್ದು, ಬಿಸಿಯಾಗಿದ್ದರೆ ಅದು ಮಾತ್ರೆಯ ಕೆಲಸವಲ್ಲ. ರೇಸ್‌ಗೆಂದು ದೂರ ಪ್ರಯಾಣ ಮಾಡಿ ಬಂದವರಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ.

ಹೆಜ್ಜೆ 4: ವಾಚ್ ಬಿಟ್ಟು ಉಸಿರನ್ನು ನಂಬಿ

ಬೀಟಾ ಬ್ಲಾಕರ್ ಶುರುವಾದ ಮೇಲೆ ನಿಮ್ಮ ಹಳೆಯ ಹಾರ್ಟ್‌ರೇಟ್ ಜೋನ್‌ಗಳನ್ನು ಅಳಿಸಿಹಾಕಿ. ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕವಂತೂ ಪೂರ್ತಿ ಕೆಲಸಕ್ಕೆ ಬಾರದು. ವಾಚ್ 'ಸುಲಭ' ಎಂದು ತೋರಿಸುವಾಗ ನೀವು ನಿಜಕ್ಕೂ ಪೂರ್ತಿ ಶಕ್ತಿ ಹಾಕುತ್ತಿರಬಹುದು. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಅಳತೆ ಇಂಥಲ್ಲಿ ಚೆನ್ನಾಗಿ ಒದಗುತ್ತದೆ. 0ರಿಂದ 10ರವರೆಗೆ ನಿಮಗೆ ಎಷ್ಟು ಕಷ್ಟ ಎನಿಸುತ್ತದೆ ಎಂದು ನೀವೇ ಅಂಕ ಕೊಡುವುದು. ದಿನನಿತ್ಯದ ಓಟ 3–4ರಲ್ಲಿರಲಿ. ಆಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮೂರು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ 7ರ ಹತ್ತಿರ ಇದ್ದೀರಿ. ಸೈಕಲ್‌ನಲ್ಲಿ ಪವರ್ ಮೀಟರ್ ಇದ್ದವರ ಕೆಲಸ ಇನ್ನೂ ಸುಲಭ.

ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ನಿಧಾನ. ಕೊನೆಯಲ್ಲಿಯೂ ಅಷ್ಟೇ, ಮತ್ತು ಇದೇ ಹೆಚ್ಚು ಮುಖ್ಯ. ಓಡುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತಿರುತ್ತವೆ. ಗೆರೆ ದಾಟಿ ಗಕ್ಕನೆ ನಿಂತರೆ ಆ ಪಂಪ್ ನಿಲ್ಲುತ್ತದೆ. ರಕ್ತನಾಳಗಳು ಇನ್ನೂ ಅಗಲವಾಗಿಯೇ ಇರುತ್ತವೆ, ಮಾತ್ರೆಯೂ ಅವನ್ನು ಅಗಲವಾಗಿಯೇ ಇಟ್ಟಿರುತ್ತದೆ. ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಫೋಟೋಗೆ ನಿಲ್ಲುವುದು, ಪದಕಕ್ಕೆ ಸಾಲು ಹಚ್ಚುವುದು ಆಮೇಲೆ. ಮೊದಲು ನಡೆಯಿರಿ. ತಲೆ ಸುತ್ತಿದರೆ ನಾಚಿಕೆ ಇಲ್ಲದೆ ನೆಲದ ಮೇಲೆ ಮಲಗಿ ಕಾಲು ಮೇಲೆತ್ತಿ. ಓಟದ ನಂತರ ಬಿಸಿನೀರ ತೊಟ್ಟಿ, ಸೌನಾ, ಬಿಯರ್ ಮೂರೂ ಬಿಪಿಯನ್ನು ಇನ್ನಷ್ಟು ಕೆಳಗೆ ತಳ್ಳುತ್ತವೆ.

ಈಜುವವರಿಗೊಂದು ಮಾತು. ಹೊಸ ಮಾತ್ರೆ ಅಥವಾ ಹೊಸ ಡೋಸ್ ಶುರುವಾದ ಮೊದಲ ಒಂದೆರಡು ವಾರ ಕೆರೆ, ಸಮುದ್ರದಲ್ಲಿ ಒಬ್ಬರೇ ಇಳಿಯಬೇಡಿ. ಸೈಕಲ್‌ನವರು ಆ ದಿನಗಳಲ್ಲಿ ಇಳಿಜಾರಿನ ವೇಗ, ಗುಂಪು ಸವಾರಿ ಬಿಟ್ಟರೆ ಒಳ್ಳೆಯದು.

ಹೆಜ್ಜೆ 5: ನೋವಿನ ಮಾತ್ರೆಯ ಮೇಲೆ ಕಣ್ಣಿಡಿ

ಈ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಥರದ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಮೊಂಡು ಮಾಡುತ್ತವೆ. ಅಷ್ಟೇ ಆದರೆ ಪರವಾಗಿರಲಿಲ್ಲ. 'ಪ್ರಿಲ್' ಅಥವಾ 'ಸಾರ್ಟಾನ್' ಒಂದು, ಡೈಯುರೆಟಿಕ್ ಒಂದು, ನೋವಿನ ಮಾತ್ರೆ ಒಂದು, ಈ ಮೂರೂ ಸೇರಿದರೆ ಕಿಡ್ನಿ ರಕ್ತ ಸೋಸಲು ಬೇಕಾದ ಒತ್ತಡ ಮೂರು ಕಡೆಯಿಂದ ಇಳಿಯುತ್ತದೆ. ಜೊತೆಗೆ ಬಿಸಿಲು, ನಾಲ್ಕು ಗಂಟೆಯ ಬೆವರು. ಕಿಡ್ನಿ ಥಟ್ಟನೆ ಕೈಕೊಡುವುದು ಹೀಗೆಯೇ. ದೂರದ ಓಟಕ್ಕೆ ಮುಂಚೆ 'ಇರಲಿ' ಎಂದು ಒಂದು ನೋವಿನ ಮಾತ್ರೆ ನುಂಗುವ ಚಾಳಿ ನಮ್ಮಲ್ಲಿ ಬಹಳ ಜನರಿಗಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಪೂರ್ತಿ ಬಿಡಬೇಕು. ನೋವಿಗೆ ಏನಾದರೂ ಬೇಕೇ ಬೇಕೆಂದರೆ ಪ್ಯಾರಾಸಿಟಮಾಲ್ ಬಗ್ಗೆ ಡಾಕ್ಟರನ್ನು ಕೇಳಿ. ಚರ್ಮಕ್ಕೆ ಹಚ್ಚುವ ಜೆಲ್‌ನಿಂದ ಅಪಾಯ ತುಂಬಾ ಕಡಿಮೆ.

ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸ್ಯೂಡೋಎಫಿಡ್ರಿನ್ ಇರುವ ಮಾತ್ರೆಗಳು ಕೂಡ ಬಿಪಿ ಏರಿಸುತ್ತವೆ.

ವಾಂತಿ, ಭೇದಿ, ಜ್ವರ ಬಂದು ಊಟ ನೀರು ಸೇರದ ದಿನಗಳಲ್ಲಿ ಡೈಯುರೆಟಿಕ್, 'ಪ್ರಿಲ್', 'ಸಾರ್ಟಾನ್' ಮಾತ್ರೆಗಳನ್ನು ಮುಂದುವರಿಸಬೇಕೇ, ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನಗಳಲ್ಲಿ ಓಟವಂತೂ ಬೇಡ.

ಹೆಜ್ಜೆ 6: ಹೊತ್ತು ಬದಲಿಸಿ ನೋಡಿ

ಬೆಳಿಗ್ಗೆ ಮಾತ್ರೆ ನುಂಗಿ ಎರಡು ಗಂಟೆಯೊಳಗೆ ದೂರದ ಓಟಕ್ಕೆ ಹೊರಟು ತಲೆಸುತ್ತು ಬರುವವರಿಗೆ ಮಾತ್ರೆಯ ಹೊತ್ತು ಬದಲಿಸಿದರೇ ಅರ್ಧ ಸಮಸ್ಯೆ ತೀರಬಹುದು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ 'ಟೈಮ್' ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ತೆಗೆದುಕೊಂಡರೂ ರಾತ್ರಿ ತೆಗೆದುಕೊಂಡರೂ ಹೃದಯಾಘಾತ, ಪಾರ್ಶ್ವವಾಯುವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಮಗೆ ಅನುಕೂಲವಾದ ಹೊತ್ತು ಆರಿಸಿಕೊಳ್ಳಲು ಜಾಗ ಇದೆ. ಡಾಕ್ಟರನ್ನು ಕೇಳಿ ಸಂಜೆಗೆ ಬದಲಿಸಿಕೊಳ್ಳಬಹುದು. ಡೈಯುರೆಟಿಕ್ ಮಾತ್ರ ರಾತ್ರಿ ಬೇಡ, ನಿದ್ದೆ ಬಿಟ್ಟು ಏಳುತ್ತಲೇ ಇರಬೇಕಾಗುತ್ತದೆ. ಕತ್ತಲಲ್ಲಿ ಎದ್ದು ತಲೆ ಸುತ್ತಿ ಬೀಳುವ ಅಪಾಯವೂ ಇದೆ.

ರೇಸ್ ದಿನ ಒಂದು ಅಮ್ಲೊಡಿಪಿನ್ ಬಿಟ್ಟರೆ ಹಗುರ ಎನಿಸಬಹುದು ಎಂದುಕೊಂಡಿದ್ದರೆ, ಅದರಿಂದ ಏನೂ ಆಗುವುದಿಲ್ಲ. ಅದರ ಅರ್ಧ ಭಾಗ ಮೈಯಿಂದ ಹೊರಹೋಗಲು 30ರಿಂದ 50 ಗಂಟೆ ಬೇಕು. ಸುಮ್ನೆ ಒಂದು ಡೋಸ್ ತಪ್ಪಿದಂತಾಗುತ್ತದೆ, ಅಷ್ಟೆ.

ಹೆಜ್ಜೆ 7: ಡಾಕ್ಟರ ಹತ್ತಿರ ಹೀಗೆ ಹೇಳಿ

'ವ್ಯಾಯಾಮ ಮಾಡ್ತೀರಾ?' ಎಂದು ಕೇಳಿದರೆ 'ಹೂಂ' ಎನ್ನುತ್ತೇವೆ. ಅವರು ಅರ್ಧ ಗಂಟೆಯ ವಾಕಿಂಗ್ ಎಂದುಕೊಳ್ಳುತ್ತಾರೆ. ಪೂರ್ತಿ ಹೇಳಿ. 'ಡಾಕ್ಟ್ರೇ, ವಾರಕ್ಕೆ 50 ಕಿಲೋಮೀಟರ್ ಓಡ್ತೀನಿ. ಈ ಮಾತ್ರೆ ಶುರುವಾದ ಮೇಲೆ ಗರಿಷ್ಠ ಬಡಿತ 155ರಿಂದ 125ಕ್ಕೆ ಇಳಿದಿದೆ. ಅದೇ ಹತ್ತು ಕಿಲೋಮೀಟರಿಗೆ ಆರು ನಿಮಿಷ ಜಾಸ್ತಿ ಆಗ್ತಿದೆ. ಎದ್ದು ನಿಂತ್ರೆ ಮೇಲಿನ ಬಿಪಿ 24 ಪಾಯಿಂಟ್ ಇಳಿಯುತ್ತೆ. ಬಿಪಿಗೆ ಮಾತ್ರ ಕೊಟ್ಟಿದ್ದಾದ್ರೆ ಬೇರೆ ಬಗೆ ನೋಡಬಹುದಾ?' ಹೀಗೆ ಕೇಳಿದರೆ ಉತ್ತರವೂ ಗಟ್ಟಿಯಾಗಿ ಬರುತ್ತದೆ. ಬದಲಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ಎರಡು ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗುವುದಿಲ್ಲ.

ಡೈಯುರೆಟಿಕ್, 'ಪ್ರಿಲ್', 'ಸಾರ್ಟಾನ್' ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವೇ ವಾರದಲ್ಲಿ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಕಿ), ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಆದರೆ ಮ್ಯಾರಥಾನ್ ಮಾರನೆಯ ದಿನ ಹೋಗಿ ರಕ್ತ ಕೊಡಬೇಡಿ. ದೂರದ ಓಟದ ನಂತರ ಕ್ರಿಯಾಟಿನಿನ್, ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಸಿಕೆ ಎರಡೂ ಕೆಲವು ದಿನ ಏರಿರುತ್ತವೆ. ಅದನ್ನು ನೋಡಿ ಮಾತ್ರೆಯೇ ಕಿಡ್ನಿ ಕೆಡಿಸಿತು ಎಂದು ತೀರ್ಮಾನವಾಗಿಬಿಡಬಹುದು. ಒಂದು ವಾರ ಹಗುರಾಗಿ ಓಡಿ, ಆಮೇಲೆ ಕೊಡಿ. ಸ್ನಾಯು ಜಾಸ್ತಿ ಇರುವವರಲ್ಲಿ ಕ್ರಿಯಾಟಿನಿನ್ ಮೊದಲೇ ಸ್ವಲ್ಪ ಮೇಲಿರುತ್ತದೆ. ಅನುಮಾನ ಇದ್ದರೆ ಸಿಸ್ಟಾಟಿನ್ ಸಿ ಎಂಬ ಕಿಡ್ನಿಯ ಇನ್ನೊಂದು ರಕ್ತ ಪರೀಕ್ಷೆ ಇನ್ನೂ ಸ್ಪಷ್ಟ ಚಿತ್ರ ಕೊಡುತ್ತದೆ.

ಹೆಜ್ಜೆ 8: ಸ್ಪರ್ಧಿಸುವವರಾದರೆ ನಿಷೇಧದ ಪಟ್ಟಿ ನೋಡಿ

ವಯಸ್ಸಾದವರ ವಿಭಾಗದಲ್ಲೂ ಡೋಪಿಂಗ್ ಪರೀಕ್ಷೆ ನಡೆಯುತ್ತದೆ. ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ವಾಡಾದ ಪಟ್ಟಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್, ಸ್ಪಿರೊನೊಲ್ಯಾಕ್ಟೋನ್ ಸೇರಿದಂತೆ ಡೈಯುರೆಟಿಕ್‌ಗಳು ಎಲ್ಲಾ ಕ್ರೀಡೆಗಳಲ್ಲಿ, ಎಲ್ಲಾ ಕಾಲದಲ್ಲೂ ನಿಷಿದ್ಧ. ಬೇರೆ ಔಷಧದ ಗುರುತು ಅಳಿಸಲು ಅವನ್ನು ಬಳಸುತ್ತಾರೆ ಎಂಬುದು ಕಾರಣ. ಜೋಡಿ ಮಾತ್ರೆಯೊಳಗೆ ಅಡಗಿದ್ದರೂ ಅಷ್ಟೇ. ಬೇರೆ ದಾರಿ ಇಲ್ಲದಿದ್ದರೆ ಚಿಕಿತ್ಸೆಯ ಕಾರಣಕ್ಕೆ ಕೊಡುವ ವಿನಾಯಿತಿಗೆ ನಿಮ್ಮ ದೇಶದ ಡೋಪಿಂಗ್ ವಿರೋಧಿ ಸಂಸ್ಥೆಯಲ್ಲಿ ಅರ್ಜಿ ಹಾಕಬೇಕು. ಬೀಟಾ ಬ್ಲಾಕರ್ ನಿಷೇಧ ಇರುವುದು ಶೂಟಿಂಗ್, ಬಿಲ್ಲುಗಾರಿಕೆಯಂಥ ಕೆಲವೇ ಆಟಗಳಿಗೆ. ಪಟ್ಟಿ ಪ್ರತಿವರ್ಷ ಹೊಸದಾಗುತ್ತದೆ, ಸ್ಪರ್ಧೆಗೆ ಮುಂಚೆ ಒಮ್ಮೆ ನೋಡಿ.

ಯಾವಾಗ ಓಟ ನಿಲ್ಲಿಸಲೇಬೇಕು?

ಓಟದ ನಂತರ ನಿಂತಾಗ ತಲೆ ಸುತ್ತುವುದು ಬೇರೆ, ಓಡುತ್ತಿರುವಾಗಲೇ ಪ್ರಜ್ಞೆ ತಪ್ಪುವುದು ಬೇರೆ. ಎರಡನೆಯದನ್ನು ಮಾತ್ರೆಯ ತಲೆಗೆ ಕಟ್ಟಬೇಡಿ. ಹೃದಯದ ತಪಾಸಣೆ ಆಗುವವರೆಗೆ ಓಡಬೇಡಿ. ಎದೆ ಬಿಗಿತ, ದವಡೆಗೆ ತೋಳಿಗೆ ಹರಡುವ ನೋವು, ಎಂದಿಗಿಂತ ಹೆಚ್ಚಿನ ಏದುಸಿರು, ಬಡಿತ ಅಡ್ಡಾದಿಡ್ಡಿ ಓಡುವುದು, ಮುಖ ಅಥವಾ ಕೈಕಾಲಿನ ಒಂದು ಪಕ್ಕ ಸೋಲುವುದು, ಗೊಂದಲ, ಇವೆಲ್ಲ ತುರ್ತು. ವಿಶ್ರಾಂತಿಯಲ್ಲೇ ಬಿಪಿ 180/110 ದಾಟಿದ್ದರೆ ಆ ದಿನ ಓಟವಿಲ್ಲ. ಅದರ ಜೊತೆ ಈ ಲಕ್ಷಣಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ ಹೋಗಿ. ರೇಸ್ ನಂಬರಿನ ಹಿಂಬದಿಯಲ್ಲಿ ಮಾತ್ರೆಗಳ ಹೆಸರು ಬರೆದಿಡಿ. ನೀವು ಮಾತಾಡಲಾಗದಿದ್ದರೂ ವೈದ್ಯ ತಂಡಕ್ಕೆ ಗೊತ್ತಾಗಲಿ.

ಮಾತ್ರೆ ಒಮ್ಮೆ ಹೊಂದಿಕೊಂಡಿತೆಂದು ಅಳೆಯುವುದು ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಬಿಪಿ ಸಾಮಾನ್ಯವಾಗಿ ಇಳಿಯುತ್ತದೆ, ಚಳಿಯಲ್ಲಿ ಏರುತ್ತದೆ. ಚಳಿಗಾಲಕ್ಕೆ ಹೊಂದಿದ ಡೋಸ್ ಬಿಸಿಲಿಗೆ ಜಾಸ್ತಿ ಆಗಬಹುದು. ಮೊಣಕಾಲು ನೋವೆಂದು ಒಂದೆರಡು ತಿಂಗಳು ಓಟ ನಿಂತರೆ ವ್ಯಾಯಾಮದಿಂದ ಇಳಿದಿದ್ದ ಪಾಯಿಂಟ್‌ಗಳು ವಾಪಸ್ ಬರುತ್ತವೆ. ಇಂಥ ಪ್ರತಿ ತಿರುವಿನಲ್ಲೂ ಮತ್ತೆ ಒಂದು ವಾರ, ಬೆಳಿಗ್ಗೆ ಸಂಜೆ, ಕೂತು ಮತ್ತು ನಿಂತು ಅಳೆದು ಅಂಕಿಗಳನ್ನು ಡಾಕ್ಟರಿಗೆ ತೋರಿಸಿ.